ಗಡಿ ಸುತ್ತಿದ ದಿನ

"ಗೆಣಸು ಸುಡೋ ಕಲ್ಲುಗಳು ಇಲ್ಲೇ ಇದ್ವು, ಅಲ್ವಾ ಮಾವ?"

ಸುಟ್ಟು ಕರಕಾದ ಕಂಬದ ಬುಡದಲ್ಲಿ ನೆಸ್ಟಾ ಕಾಲಿನಿಂದ ಹುಲ್ಲು ಸರಿಸುತ್ತಿದ್ದಳು. ಸಿರಿಲೊ ಹೂಂಗುಟ್ಟಿದ. ನಾಲ್ಕು ವರ್ಷಗಳ ನಂತರ ತಂಗಿಯ ಮಗಳು ಅಪ್ಪನ ದ್ವೀಪ ಮಲೈಟಾದಿಂದ ಹಡಗು ಹತ್ತಿ ಅಮ್ಮನ ದ್ವೀಪ ಗ್ವಾಡಲ್ಕನಾಲಿಗೆ ಬಂದಿದ್ದಳು, ಅದೂ ಒಬ್ಬಳೇ ಬರಲು ಧೈರ್ಯ ಸಾಲದೆ ಇಬ್ಬರು ಪರದೇಶದ ಸಿಪಾಯಿಗಳನ್ನು ಜೊತೆಗೆ ಕರೆದುಕೊಂಡು. ಟೋಂಗಾದ ಆ ದಢೂತಿ ಆಸಾಮಿಗಳು ತೆಂಗಿನ ನೆರಳಲ್ಲಿ ಕುಳಿತು ಎಳನೀರು ಕುಡಿಯುತ್ತಿದ್ದರು. ಊರಿನ ಕೋವಿಗಳನ್ನೆಲ್ಲ, ಎರಡು ದ್ವೀಪದವರ ಕಾಳಗ ನಿಲ್ಲಿಸಲು ಬಂದ ಅವರ ಪಡೆ ಹೋದ ತಿಂಗಳೇ ಕೊಯ್ದು ತುಂಡು ಮಾಡಿತ್ತು. ಉಳಿದ ಕೆಲಸ ಊರಿನವರದೇ.

ಹಿರಿಯರು ಹೊಳೆದಂಡೆಯಲ್ಲಿ ಕಾದಿದ್ದರು. ನೆಲ ಇಳಿಯುವುದು ತಾಯಿಯಿಂದ ಮಗಳಿಗೆ. ಸಿರಿಲೊನ ಕುಲದಲ್ಲಿ ಉಳಿದ ಹೆಣ್ಣು ನೆಸ್ಟಾ ಒಬ್ಬಳೇ. ಇವತ್ತು ಅವಳು ಗಡಿ ಸುತ್ತಿದರೆ ನೆಲ ಉಳಿಯಿತು, ಇಲ್ಲವಾದರೆ ಪಕ್ಕದ ಕುಲದವರ ಪಾಲು.

"ಐದು ಗಂಡುಮಕ್ಕಳನ್ನ ಹುಟ್ಟಿಸಿ ಏನು ಬಂತೋ ಸಿರಿಲೊ? ಐದೂ ನಿನ್ನ ಹೆಂಡತಿ ಕುಲಕ್ಕೆ. ಹೋಗು, ಆ ಹುಡುಗಿ ಕಾಲು ಹಿಡ್ಕೊ," ಎಂದು ನೆರೆಮನೆಯ ದೊಮಿನಿಕಾ ಅಜ್ಜಿ ಬೆಳಿಗ್ಗೆಯೇ ಚುಚ್ಚಿದ್ದಳು.

ನೆಸ್ಟಾ ಅವನತ್ತ ತಿರುಗಿದಳು. "ಮನೆ ಸುಟ್ಟ ದಿನ ನೀನು ಎಲ್ಲಿದ್ದೆ ಮಾವ? ಅಮ್ಮ ಒಂದು ಹೇಳ್ತಿದ್ಳು, ದೊಡ್ಡಪ್ಪ ಒಂದು ಹೇಳ್ತಾನೆ. ಸುಳ್ಳು ಹೇಳಿದ್ರೆ ನಾನು ಸಂಜೆ ಹಡಗಿಗೇ ವಾಪಸ್."

ಬೆಟ್ಟದಲ್ಲಿದ್ದೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಊರಿಗೆಲ್ಲ ಹೇಳಿಕೊಂಡು ಬಂದದ್ದು ಅದನ್ನೇ. ಆದರೆ ಹುಡುಗಿ ಥೇಟ್ ತಂಗಿಯ ಹಾಗೆಯೇ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಳು.

"ಇಲ್ಲೇ ಇದ್ದೆ," ಎಂದ. "ನಿಮ್ಮಪ್ಪ ಅಣ್ಣತಮ್ಮಂದಿರನ್ನೆಲ್ಲ ತಂದು ಇಲ್ಲೇ ಕೂರಿಸ್ದ. ರೂಢಿಯಂತೆ ನಮ್ಮ ಕುಲಕ್ಕೆ ಒಂದು ಹಂದಿ ಕೊಟ್ಟು ನೆಲ ಕೇಳಿದ್ನಾ? ಹೊಳೆ ತನಕ ತೋಟ ಹಾಕ್ಕೊಂಡ್ರು. ನಂಗೆ ಹೊಟ್ಟೆ ಉರೀತಿತ್ತು. ಮಲೈಟಾದವರ ಮನೆ ಹುಡುಕ್ತಾ ನಮ್ಮವರು ಪಂಜು ಹಿಡ್ಕೊಂಡು ಬಂದ್ರು. ಇದು ಯಾರ ಮನೆ ಅಂದ್ರು."

"ನೀನು ಏನಂದೆ?"

ಅಲ್ಲಿ ಮನೆಯನ್ನು ಯಾರೂ ಗಂಡಸಿನ ಹೆಸರಿನಿಂದ ಕರೆಯುವುದಿಲ್ಲ. ತಂಗಿ ಎಮಿಲ್ಡಾಳ ಮನೆ ಎಂದಿದ್ದರೆ ಪಂಜು ಮುಂದಕ್ಕೆ ಹೋಗುತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

"ಇರೊಫಿ ಮನೆ ಅಂದೆ. ನಿಮ್ಮಪ್ಪನ ಹೆಸರು ಹೇಳ್ದೆ."

ಅವಳು ಕರಕಾದ ಕಂಬದ ಕಡೆಗೆ ತಿರುಗಿದಳು.

"ಅಮ್ಮ ಜ್ವರದಲ್ಲಿ ಮಲಗಿದಾಗ್ಲೂ ಹೇಳ್ತಿದ್ಳು," ಎಂದಳು. "ಅಣ್ಣ ಅವತ್ತು ಊರಲ್ಲಿರ್ಲಿಲ್ಲ, ಇದ್ದಿದ್ರೆ ನನ್ನ ಹೆಸರು ಹೇಳ್ತಿದ್ದ ಅಂತ. ಸಾಯೋ ತನಕ ಅದನ್ನೇ ಹೇಳಿದ್ಳು."

ಸಿರಿಲೊ ಕುಕ್ಕರಿಸಿಬಿಟ್ಟ. ಸಿಪಾಯಿಯೊಬ್ಬ ಎದ್ದು ನಿಂತು ಇತ್ತ ನೋಡಿದ. ಏನೂ ಇಲ್ಲ ಎಂದು ನೆಸ್ಟಾ ಕೈಯಾಡಿಸಿದಳು.

"ಏಳು. ಹಿರಿಯರು ಎಷ್ಟು ಹೊತ್ತು ಕಾಯ್ತಾರೆ?"

ಗಡಿ ಸುತ್ತುವಾಗ ಸೋದರಮಾವ ಮುಂದೆ, ಹುಡುಗಿ ಹಿಂದೆ. ಅವನು ರೂಢಿಯಂತೆ ಮುಂದೆ ಹೆಜ್ಜೆ ಹಾಕಿದ.

"ಮುಂದೆ ಬೇಡ. ಹಿಂದೆ ಬಾ."

ಹಿರಿಯರು ಮುಖ ಮುಖ ನೋಡಿಕೊಂಡರು, ಯಾರೂ ತಡೆಯಲಿಲ್ಲ. ಮೊದಲ ಗಡಿಮರದ ಹತ್ತಿರ ಅವನು ಅದರ ಹೆಸರು ಹೇಳಿದ. ಹಿರಿಯರಿಗೆ ಅದು ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳು ಮಾವ," ಎಂದಳು, ತಿರುಗದೆ.

ಅವನು ಮತ್ತೆ ಹೇಳಿದ. ಅವಳು ತೊಗಟೆಯ ಮೇಲೆ ಕೈಯಿಟ್ಟು, ಮುಂದಿನ ಮರದ ಕಡೆಗೆ ನಡೆದಳು.