ಬೀಗಕ್ಕೆ ಹೇಳಬೇಕಾದ ಹೆಸರು

ಹೊಸ ಬೀಗ ಬಂದ ದಿನದಿಂದ ಕದಿರಯ್ಯ ಬೀಗಿದ್ದೇ ಬೀಗಿದ್ದು. ಅವನ ಹೆಸರಿನಲ್ಲಿ ಹುಟ್ಟಿನಿಂದಲೇ ಕದ ಇತ್ತು. ಈಗ ಮಿಡಿಗೇಶಿ ಪಕ್ಕದ ಹಟ್ಟಿಯ ಮನೆಯ ಕದದಲ್ಲಿ ಅವನ ಹೆಸರೂ ಸೇರಿತು. ಶಿರಾದ ಮುಜಾಮಿಲನ ಅಂಗಡಿಯಿಂದ ತಂದ ಆ ಸ್ಮಾರ್ಟ್ ಬೀಗಕ್ಕೆ ಒಂದು ಕಣ್ಣು, ಒಂದು ಕಿವಿ, ಒಂದು ಬಾಯಿ. ಎಲ್ಲಿದ್ದರೂ ಫೋನಿನಿಂದ ನೋಡಬಹುದು, ಮಾತಾಡಬಹುದು, ಹಾಕಬಹುದು, ತೆಗೆಯಬಹುದು. ಇಲ್ಲವೇ ಎದುರು ನಿಂತು ಮಾಲೀಕನ ಹೆಸರು ಹೇಳಿದರಾಯಿತು.

ಯಾರು ಹೇಳಿದರೂ ಆಗುತ್ತಿತ್ತು, ಅದೇ ತಕರಾರು. ಮೂರನೇ ದಿನಕ್ಕೆ ಕದಿರಯ್ಯ ಅಂಗಡಿಗೆ ನುಗ್ಗಿ ಮುಜಾಮಿಲನ ಕಾಲರ್ ಹಿಡಿದ.

"ನನ್ ದನಿಗೆ ಮಾತ್ರ ತೆಗೀತೈತೆ ಅಂತ ಮಾರ್ದೆಯಲ್ಲೋ ಕಳ್ಳ!"

"ಅರೆ ಭಾಯ್, ಬೀಗದ ಕಂಪನಿಯೋರು ಆಪ್ ಮಾಡ್ದೋರ ತಪ್ಪು ಅಂತಾರೆ. ಆಪ್‌ನೋರು ಬೀಗದ್ದೇ ತಪ್ಪು ಅಂತಾರೆ. ಆಮೇಲೆ ಇಬ್ರೂ ಸೇರಿ, ಅದು ತಪ್ಪೇ ಅಲ್ಲ, ಸೌಲಭ್ಯ ಅಂತಾರೆ! ನಡುವೆ ನನ್ ಕಾಲರ್ ಯಾಕೆ?"

ಬೈದುಕೊಂಡು ವಾಪಸ್ಸು ಬರುವ ದಾರಿಯಲ್ಲಿ ಕದಿರಯ್ಯನಿಗೆ ಬೇರೆಯೇ ಹೊಳೆಯಿತು. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂಬುದು ಹಟ್ಟಿಯ ನಂಬಿಕೆ. ಹೆಂಡತಿ ಗಂಗಾಲಕ್ಷ್ಮಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನ ಹೆಸರೆತ್ತಿದವಳಲ್ಲ. ತಾಯಿ ಈರಕ್ಕನೋ, ಮಗನಿಗೆ ತನ್ನ ಮಾವನ ಹೆಸರಿಟ್ಟ ತಪ್ಪಿಗೆ, ಹೆತ್ತ ಮಗನನ್ನೇ 'ಮಾವಯ್ಯ' ಎಂದು ಕರೆಯುವವಳು. ಊರಿಗೆಲ್ಲ ತೆರೆಯುವ ಬೀಗ ಮನೆಯ ಹೆಂಗಸರಿಗೆ ಮಾತ್ರ ತೆರೆಯದು. ಅವನಿಗೆ ಬೇಕಾದ ಭದ್ರತೆ ಅಷ್ಟೇ.

ಆ ಸೋಮವಾರ ಗಂಗಾಲಕ್ಷ್ಮಿ ಮಧುಗಿರಿಗೆ ಹೋಗಲೇಬೇಕಿತ್ತು. ಅಂಗನವಾಡಿ ಕೆಲಸದ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಮಧ್ಯಾಹ್ನದೊಳಗೆ ಅಸಲಿ ಅಂಕಪಟ್ಟಿ ತೋರಿಸದಿದ್ದರೆ ಕೆಲಸ ಮುಂದಿನವಳ ಪಾಲು. ವಾರವಿಡೀ ಬೇಡವೆಂದು ಕೂಗಾಡಿದ ಕದಿರಯ್ಯ ಅಂದು ಬೆಳಗ್ಗೆ ಒಂದು ಮಾತೂ ಆಡದೆ ಕುರಿ ತುಂಬಿದ ಟೆಂಪೊ ಹತ್ತಿ ಪಾವಗಡಕ್ಕೆ ಹೋದ. ಜಗಳವಿಲ್ಲದೆ ಹೋದನಲ್ಲ ಎಂದೇ ಅವಳಿಗೆ ಅನುಮಾನ. ಒದ್ದೆ ಸೀರೆ ಹರವಲು ಅಂಗಳಕ್ಕಿಳಿದಳೋ ಇಲ್ಲವೋ, ಹಿಂದೆ ಬಾಗಿಲ ಬೀಗ ಕಟಕ್ಕೆಂದಿತು. ಅಂಕಪಟ್ಟಿ, ಫೋನು, ಬಸ್ಸಿನ ದುಡ್ಡು ಎಲ್ಲ ಒಳಗೆ.

"ದಯಮಾಡಿ ಮಾಲೀಕರ ಹೆಸರನ್ನು ಉಚ್ಚರಿಸಿ," ಎಂದಿತು ಬೀಗ, ವಾರ್ತೆ ಓದುವವಳ ದನಿಯಲ್ಲಿ.

ಅದರ ಬೆನ್ನಿಗೇ ಅದೇ ಬೀಗದ ಬಾಯಿಂದ, ಪಾವಗಡದಲ್ಲಿದ್ದ ಕದಿರಯ್ಯನ ದನಿ ಬಂತು: "ಹೋಗು, ಯಾರ್ ಬ್ಯಾಡ ಅಂದೋರು? ನನ್ ಹೆಸ್ರೇಳು, ಹೋಗು!"

"ಬಾಗ್ಲು ತೆಗೀರಿ. ಬಸ್ಸು ಹೋಗ್ಬುಡ್ತೈತೆ."

"ಹೋಗ್ಲಿ ಬುಡು. ಕಂಡೋರ ಮಕ್ಳ ಮೂಗೊರ್ಸಕ್ಕೆ ನಿನ್ನ ಕಟ್ಕಂಡ್ನಾ?"

ಅವಳು ಸುತ್ತ ನೋಡಿದಳು. ಹಟ್ಟಿಯವರೆಲ್ಲ ಕುರಿಗಳ ಹಿಂದೆ ಹೋಗಿದ್ದರು; ಅವಳ ಬದಲು ಆ ಹೆಸರು ಹೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಜಗಲಿಯ ಮೇಲೆ ಈರಕ್ಕ ಮಾತ್ರ ಸೆರಗು, ಸೊಂಟ, ಚಾಪೆಯಡಿ ತಡಕಾಡುತ್ತಿದ್ದಳು. ಅವಳ ಹೊಗೆಸೊಪ್ಪಿನ ಚೀಲವೂ ಒಳಗೇ ಉಳಿದಿತ್ತು.

"ಮಾವಯ್ಯ, ನಂಗಾದ್ರೂ ತೆಗ್ಯೋ!"

"ಸುಮ್ಕೆ ಕುತ್ಕಳಮ್ಮ. ಒಂದಿನ ಉಗೀದೆ ಇದ್ರೆ ಸತ್ತೋಗಲ್ಲ."

"ದಯಮಾಡಿ ಮಾಲೀಕರ ಹೆಸರನ್ನು ಉಚ್ಚರಿಸಿ," ಎಂದಿತು ಬೀಗ.

"ಉಚ್ಚರ್ಸಿ ಅಂತೆ, ಉಚ್ಚರ್ಸಿ!" ಈರಕ್ಕ ಮೂಗಿನಲ್ಲಿ ಅದನ್ನೇ ಅಣಕಿಸಿ ಉಗಿದಳು. ಆಮೇಲೆ ಸೊಸೆಯ ಮುಖ ನೋಡದೆಯೇ ಅಂದಳು: "ನೀ ಏನಾರಾ ಹೇಳ್ಕಳೇ. ನಾ ಕಿವಿ ಮುಚ್ಕಂತೀನಿ." ಹೇಳಿದ್ದಷ್ಟೇ ಅಲ್ಲ, ಎರಡೂ ಕಿವಿಗೆ ಅಂಗೈ ಒತ್ತಿ ಕಣ್ಣನ್ನೂ ಮುಚ್ಚಿಕೊಂಡಳು.

ಗಂಗಾಲಕ್ಷ್ಮಿ ಬೀಗದ ಎದುರು ಬಂದು ನಿಂತಳು. ಆಯಸ್ಸು ಸವೆಯುವುದೇ ನಿಜವಾದರೆ? ಅದರ ಸಣ್ಣ ಕಪ್ಪು ಕಣ್ಣಿನ ಆಚೆ ಅವನು ಪಾವಗಡದಲ್ಲಿ ನಿಂತು ನಗುತ್ತಿದ್ದ. ಜೊತೆಗಿದ್ದವರಿಗೂ ತೋರಿಸುತ್ತಿದ್ದನೇನೋ, ಇನ್ನೂ ಎರಡು ನಗು ಕೇಳಿಸಿತು. ಸವೆದರೆ ಸವೆಯಲಿ.

"ಕದಿರಯ್ಯ," ಅಂದಳು.

ನಗು ನಿಂತಿತು. ಬಾಗಿಲು ತೆರೆಯಿತು.

"ಲೇ! ಬಾಯಿಗೆ ಹುಳ ಬೀಳ, ಗಂಡನ್ ಹೆಸ್ರು..."

ಅವಳು ಒಳಗೆ ಹೋಗಿ ಮೊದಲು ಅತ್ತೆಯ ಚೀಲ ಹೊರಗೆಸೆದಳು. ಬೀಗ ಕೂರಿಸಿದ ದಿನ ಮುಜಾಮಿಲ್ ಮನೆಯವರಿಗೆಲ್ಲ ತೋರಿಸಿದ್ದ: ಒಳಗಡೆಯ ಸಣ್ಣ ಗುಂಡಿಯನ್ನು ಹತ್ತು ಎಣಿಸುವ ತನಕ ಒತ್ತಿದರೆ ಬೀಗ ಹಳೇ ಮಾಲೀಕನನ್ನು ಮರೆಯುತ್ತದೆ, ಹತ್ತಿರವಿರುವ ಫೋನಿಗೆ ಒಲಿಯುತ್ತದೆ. ಅವಳು ಒತ್ತಿದಳು. ಕದಿರಯ್ಯನ ದನಿ "ಏನೇ ಮಾಡ್ತಿ..." ಎನ್ನುವಷ್ಟರಲ್ಲಿ ಕಡಿದುಹೋಯಿತು. ತನ್ನ ಫೋನಿನಲ್ಲಿ ಹೊಸ ಒಡತಿಯ ಹೆಸರು ಕೊಟ್ಟು, ಅಂಕಪಟ್ಟಿ ಕಂಕುಳಲ್ಲಿಟ್ಟು ಓಡಿದಳು.

ಸಂಜೆ ಕದಿರಯ್ಯ ಟೆಂಪೊ ನಿಲ್ಲಿಸಿದಾಗ ಬಾಗಿಲು ಮುಚ್ಚಿತ್ತು. ಈರಕ್ಕ ಜಗಲಿಯಲ್ಲಿ ಹೊಗೆಸೊಪ್ಪು ಮೆಲುಕು ಹಾಕುತ್ತಿದ್ದಳು.

"ದಯಮಾಡಿ ಮಾಲೀಕರ ಹೆಸರನ್ನು ಉಚ್ಚರಿಸಿ."

"ಕದಿರಯ್ಯ ಕಣ್ಲಾ! ನಾನೇ!"

"ಹೆಸರು ಹೊಂದಲಿಲ್ಲ."

ಅವನು ಒದ್ದ. ಬಾಗಿಲು ಅಲ್ಲಾಡಲಿಲ್ಲ. ಕುರಿಗಳೊಂದಿಗೆ ಮರಳುತ್ತಿದ್ದ ಹುಚ್ಚಣ್ಣ, ಬೋರಯ್ಯ ಬೇಲಿಯ ಹತ್ತಿರ ನಿಂತರು. ಕದಿರಯ್ಯ ಕಲ್ಲೆತ್ತಿದ.

"ಹಾಕಿ ಕಲ್ಲು," ಎಂದಿತು ಬಾಗಿಲು, ಈಗ ಗಂಗಾಲಕ್ಷ್ಮಿಯ ದನಿಯಲ್ಲಿ. ಹಿಂದೆ ಬಸ್ಸಿನ ಗದ್ದಲವಿತ್ತು. "ಕಲ್ಲು, ಒದ್ದಿದ್ದು, ಎಲ್ಲಾ ಫೋನಾಗೆ ಕೂತ್ಕಂತಾ ಐತೆ. ನಾಳಿಂದ ನಾನು ಸರ್ಕಾರಿ ಲೆಕ್ಕದ ಹೆಂಗ್ಸು. ಹೆಸ್ರೇಳಿ, ಒಳಿಕ್ಕೋಗಿ. ಯಾರ್ ಬ್ಯಾಡ ಅಂದೋರು?"

"ಲೇ..." ಎಂದ. ಹೊಂದಲಿಲ್ಲ. "ಇವ್ಳೇ..." ಅದೂ ಹೊಂದಲಿಲ್ಲ. ಹನ್ನೊಂದು ವರ್ಷ ಅವಳನ್ನು ಅವನು ಕರೆದದ್ದು ಅವೆರಡರಿಂದಲೇ.

"ನಾ ಕಿವಿ ಮುಚ್ಕಂಡಿವ್ನಿ," ಎಂದಳು ಈರಕ್ಕ, ಕಿವಿ ಮುಚ್ಚದೆಯೇ. "ಹೇಳ್ಬುಡಪ್ಪ ಮಾವಯ್ಯ."

ಕಲ್ಲು ಕೈಯಿಂದ ಜಾರಿತು. ಬೇಲಿಯ ಕಡೆ ಬೆನ್ನು ಹಾಕಿ, ಹಲ್ಲು ಕಚ್ಚಿಕೊಂಡೇ ಉಸುರಿದ: "ಗಂಗಾಲಕ್ಷ್ಮಿ."

ಬಾಗಿಲು ತೆರೆಯಲಿಲ್ಲ. ವಾರ್ತೆ ಓದುವವಳ ದನಿ ಬಂತು. ಅದು ಬೀಗದ್ದೋ, ಬಸ್ಸಿನಲ್ಲಿ ಕೂತು ಅಣಕಿಸುತ್ತಿದ್ದವಳದ್ದೋ, ಅವನಿಗೆ ತಿಳಿಯಲಿಲ್ಲ.

"ಕ್ಷಮಿಸಿ, ಕೇಳಿಸಲಿಲ್ಲ. ದಯಮಾಡಿ ಜೋರಾಗಿ ಉಚ್ಚರಿಸಿ."