ಮಾರ್ತಜ್ಜಿಯ ನೆರೆಯ ಉಪ್ಪಿನಕಾಯಿ ಡಬ್ಬಿ

ನಾನು ಒಂದು ಸ್ಟೀಲ್ ಡಬ್ಬಿ. ಹುಟ್ಟಿದ್ದು ಕಾರ್ಖಾನೆಯಲ್ಲಿ, ಸಾವಿರಾರು ಅಣ್ಣತಮ್ಮಂದಿರ ಜೊತೆ. ಉಡುಪಿ ಪೇಟೆಯಿಂದ ನನ್ನನ್ನು ಮನೆಗೆ ತಂದವರು ಸುಲೋಚನಾ ಟೀಚರ್. ವರ್ಷಗಟ್ಟಲೆ ಅವರ ಅಡುಗೆಮನೆಯಲ್ಲಿ ಮಿಡಿ ಉಪ್ಪಿನಕಾಯಿ ಹೊತ್ತೆ. ಆ ವಾಸನೆ ಇವತ್ತಿಗೂ ಹೋಗಿಲ್ಲ, ಹೋಗುವುದೂ ಬೇಡ.

ಟೀಚರಿಗೆ ಒಂದೇ ಕೊರಗು. ಅವರ ಮುತ್ತಜ್ಜಿ ಮಾರ್ತಾ ಊರಿನ ಹೆಸರಾಂತ ಸೂಲಗಿತ್ತಿ. ಮಲಗಿದ್ದು ಚರ್ಚಿನ ಹಳೇ ಸ್ಮಶಾನದಲ್ಲಿ, ಊರಿಗೆ ಮೊದಲು ಬಂದು ನೆಲೆಸಿದ ಕ್ರೈಸ್ತರ ನಡುವೆ. ಆದರೆ ಗೋರಿಯ ಕಲ್ಲು ಎಲ್ಲೂ ಕಾಣುತ್ತಿರಲಿಲ್ಲ. ಈಸ್ಟರ್ ಬೆಳಿಗ್ಗೆ ಎಲ್ಲರೂ ತಮ್ಮವರ ಗೋರಿಗೆ ಹೂ ಇಟ್ಟರೆ, ಟೀಚರ್ ತಮ್ಮ ಹೂವನ್ನು ಗೇಟಿನ ಬದಿಯಲ್ಲಿ ಇಟ್ಟು ಬರುತ್ತಿದ್ದರು. ಹಾವಿನ ಹೆದರಿಕೆಗೆ ಯಾರೂ ಕೈ ಹಾಕದ ಪೊದೆಯ ಮೂಲೆಯೊಂದು ಸ್ಮಶಾನದಲ್ಲಿತ್ತು. ಚರ್ಚಿನ ಸಮಿತಿಯವರು ಅದನ್ನು ಸಮ ಮಾಡಿ ವಾಹನ ನಿಲ್ಲಿಸಲು ಜಾಗ ಮಾಡಹೊರಟರು.

"ಕಲ್ಲು ಉಂಟಾದರೆ ತೋರಿಸಿ ಟೀಚರೇ, ಬಿಡುವ. ಈಸ್ಟರ್ ಕಳೆದ ಮೇಲೆ ಜೆಸಿಬಿ ಬರ್ತದೆ" ಅಂದರು ಅಧ್ಯಕ್ಷ ಆಲ್ಬನ್ ಕರ್ಕಡ.

ಟೀಚರ ತಂಗಿಯ ಮಗಳು ಪ್ರೇರಣಾಗೆ ಒಂದು ಆಟದ ಹುಚ್ಚು. ಒಬ್ಬರು ಡಬ್ಬಿ ಬಚ್ಚಿಡುವುದು, ಉಳಿದವರು ಫೋನಿನ ನಕ್ಷೆಯಲ್ಲಿ ಹಾಕಿದ ಗುರುತು ಹಿಡಿದು ಹುಡುಕುವುದು. ಜಿಯೋಕ್ಯಾಶಿಂಗ್ ಅಂತೆ. ಜನ ಬಂದು ಹೋದರೆ ಹಳೇ ಜಾಗದ ಬೆಲೆ ಸಮಿತಿಗೂ ತಿಳಿದೀತು ಅಂತ ಅವಳ ಲೆಕ್ಕ. ಅವರನ್ನು ಕೇಳಿಯೇ, ನನ್ನೊಳಗೆ ಪೆನ್ಸಿಲು, ಹೆಸರು ಬರೆಯುವ ಚೀಟಿ ಹಾಕಿ ಕಾಂಪೌಂಡ್ ಗೋಡೆಯ ತೂತಿನಲ್ಲಿ ಕೂರಿಸಿದಳು. ಉಪ್ಪಿನಕಾಯಿ ಹೊತ್ತ ನನಗೆ ಎಂತಹ ಬಡ್ತಿ ನೋಡಿ.

ಆದರೆ ದಟ್ಟ ಮರದಡಿ ಅವಳ ಫೋನು ಎಡವಿತು. ನಾನು ಗೋಡೆಯಲ್ಲಿ, ನನ್ನ ಗುರುತು ಪೊದೆಯ ನಟ್ಟನಡುವೆ. ಬಂದವರೆಲ್ಲ ಪೊದೆ ನೋಡಿ ವಾಪಸ್. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲಿದ್ದೇನೆ ಮಾರಾಯರೇ ಅನ್ನೋಣವೆಂದರೆ ಬಾಯಿಗೆ ಮುಚ್ಚಳ.

ಈಸ್ಟರಿನ ಹಿಂದಿನ ದಿನ ಕಾರವಾರದ ಗಜಾನನ ಹೆಂಡತಿಯ ಜೊತೆ ಬಂದ. ಹಿಡಿದ ಪಟ್ಟು ಬಿಡುವ ಪೈಕಿ ಅಲ್ಲ ಆಸಾಮಿ. ಪೊದೆ ಕಡಿಯುತ್ತೇನೆ ಅಂತ ಪ್ರೇರಣಾಗೆ ಫೋನು ಮಾಡಿ, ಅವಳು ಬಾಯಿ ತೆರೆಯುವ ಮೊದಲೇ ಇಟ್ಟು, ಪಕ್ಕದ ಮನೆಯಿಂದ ಕತ್ತಿ ತಂದು ಪೊದೆ ಕಡಿಯತೊಡಗಿದ.

"ಸಾಕು ಬನ್ನಿ, ಹಾವು ಗೀವು ಇದ್ದೀತು" ಅಂದಳು ಹೆಂಡತಿ.

"ಡಬ್ಬಿ ಸಿಗದೆ ನಾನು ಊಟಕ್ಕೆ ಬರುವುದಿಲ್ಲ."

ಸ್ವಲ್ಪ ಹೊತ್ತಿಗೆ ಕತ್ತಿ ಠಣ್ ಅಂತು. ಅದು ಕಲ್ಲಿನ ದನಿ. ಮಣ್ಣು ಕೆರೆದರೆ ಅಕ್ಷರ: ಮಾರ್ತಾ, ಸೂಲಗಿತ್ತಿ.

ಪ್ರೇರಣಾಳ ಹಿಂದೆಯೇ ಟೀಚರ್ ಓಡಿ ಬಂದರು. ಕಲ್ಲನ್ನು ಸೆರಗಿನಿಂದ ಒರೆಸಿದರು. "ಇಲ್ಲಿದ್ದೀಯಾ ಅಜ್ಜಿ" ಅಂತ ಅಲ್ಲೇ ಕೂತು ಸಂತೋಷಕ್ಕೆ ಅತ್ತರು. ಸುದ್ದಿ ತಿಳಿದು ಬಂದ ಕರ್ಕಡರು ಬಗ್ಗಿ ಹೆಸರು ಓದಿದರು.

"ನನ್ನ ಅಜ್ಜ ಹುಟ್ಟಿದ್ದು ಇವರ ಕೈಯಲ್ಲೇ ಅಂತೆ. ಜೆಸಿಬಿ ಬೇಡ" ಅಂದರು. ಸಂಜೆ ತಾವೇ ಕಲ್ಲಿಗೆ ಸುಣ್ಣ ಬಳಿದರು. ಮರುದಿನ ಟೀಚರ ಹೂ ಗೇಟಿನಲ್ಲಿ ಉಳಿಯಲಿಲ್ಲ.

ಗಜಾನನ ನನ್ನನ್ನು ಮರೆತೇಬಿಟ್ಟಿದ್ದ. ಟೀಚರ ಮನೆಯಲ್ಲಿ ಗಡದ್ದಾಗಿ ಉಂಡನಂತೆ, ಪುಣ್ಯಾತ್ಮ.

ಪ್ರೇರಣಾ ಗುರುತು ಸರಿಪಡಿಸಲು ಹೊರಟಾಗ ಟೀಚರ್ ತಡೆದರು. "ತಪ್ಪೇ ಇರಲಿ ಮಗಾ. ಬಂದವರು ಮೊದಲು ಅಜ್ಜಿಯ ಹತ್ತಿರ ಹೋಗಲಿ. ಅಲ್ಲಿಂದ ಡಬ್ಬಿಗೆ ದಾರಿ ಬರೆದು ಹಾಕು."

ಈಗ ನನಗೆ ವಯಸ್ಸಾಯಿತು, ಮುಚ್ಚಳ ಸಡಿಲ. ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಮೊದಲು ಅಜ್ಜಿಗೆ ಹೂ, ಆಮೇಲೆ ನಾನು. ಮುಚ್ಚಳ ತೆಗೆದ ಕೂಡಲೇ ಮೂಗರಳಿಸಿ ಕೇಳುತ್ತಾರೆ, ಇದು ಯಾರ ಮನೆಯ ಉಪ್ಪಿನಕಾಯಿ ಅಂತ. ನಾನು ಮನಸ್ಸಿನಲ್ಲೇ ಅನ್ನುತ್ತೇನೆ, ಮಾರ್ತಜ್ಜಿಯ ಮನೆಯದ್ದು.