ನೀಲಿ ತಂತಿಯ ಕರೆಂಟು

ಬಿಸಿ ವಾರ್ನಿಶ್ ವಾಸನೆ, ಅಲ್ಲ, ಅಮೋನಿಯಾದ್ದೇ ಇರಬೇಕು, ಐಸ್ ಫ್ಯಾಕ್ಟರಿಯಲ್ಲಿ ಮೂಗನ್ನು ನಂಬುವ ಹಾಗಿಲ್ಲ, ಆದರೂ ಫರ್ಹೀನ ಇನ್ನೊಮ್ಮೆ ಉಸಿರೆಳೆದುಕೊಂಡಳು — ವಾರ್ನಿಶ್ಶೇ, ಅಬ್ಬಾನ ಅಂಗಿಯ ವಾಸನೆ, ಚಿಂಬಲ್‌ನ ಆ ಒಂದೇ ಕೋಣೆಯ ಮೋಟಾರ್ ವೈಂಡಿಂಗ್ ಅಂಗಡಿಯ ವಾಸನೆ, ಅಂದರೆ ಕಂಪ್ರೆಸರ್ ಮೋಟಾರು ಮತ್ತೆ ಬಿಸಿಯೇರುತ್ತಿದೆ, ಅಬ್ಬಾ ಅದಕ್ಕೆ ಹೊಸ ತಾಮ್ರದ ಸುರುಳಿ ಸುತ್ತಿಕೊಟ್ಟು ಇನ್ನೂ ತಿಂಗಳು ತುಂಬಿಲ್ಲ, ಜೆಟ್ಟಿಯಲ್ಲಿ ದೋಣಿಗಳು ಐಸಿಗಾಗಿ ನಿಂತಿವೆ, ಸೂಪರ್‌ವೈಸರ್ ಕೇಶಪ್ಪ ಬೆಳಗಿನಿಂದ ಒಂದೇ ಮಾತು, ನಿಮ್ಮ ಅಪ್ಪಾರನ್ನ ಕರಸ್ರಿ ಮೇಡಂ, ಕಟ್ಟಿದವರು ಅವರ ಅಲ್ಲೇನ್ರಿ, ಅವರ ಬಂದು ನೋಡ್ಲಿ. ನೋಡಲಿ. ನೋಡುವುದೇ ಆಗದಿದ್ದರೆ? ಕರೆಸಿದ್ದೂ ಆಯಿತು, ಅಬ್ಬಾ, ಮಕ್ತುಮಸಾಬ, ಬಾಗಿಲ ಬಳಿ ಬೋರಲು ಹಾಕಿದ ಮೀನಿನ ಕ್ರೇಟಿನ ಮೇಲೆ ಕೂತಿದ್ದಾನೆ, ಮುಖ ಮೋಟಾರಿನ ಕಡೆಗಿದೆ, ಕಣ್ಣು ಎಲ್ಲಿದೆಯೋ. ಮೊನ್ನೆ ಗಟಾರದ ಮೇಲಿನ ಹಲಗೆಯನ್ನು ಕಾಲಿನಿಂದ ತಡವಿ ತಡವಿ ದಾಟಿದ, ಕತ್ತಲಿರಲಿಲ್ಲ, ಮಳೆಯೂ ಇರಲಿಲ್ಲ, ಈ ಮೋಟಾರು ಅಂಗಡಿಗೆ ಬಂದಾಗಿನಿಂದ ಬಾಗಿಲು ಹಾಕಿಕೊಂಡೇ ಕೆಲಸ, ಒಳಗ ಬರಬ್ಯಾಡ ಬೇಟಾ, ವಾರ್ನಿಶ್ ಒಣಗಾಕತ್ತೈತಿ — ಬಾಗಿಲು ಹಾಕಿದರೆ ವಾರ್ನಿಶ್ ಒಣಗುತ್ತದೆಯೇ, ನನಗೇ ಹೇಳುವ ಮಾತೇ ಅದು, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳಿಗೆ, ಅವನ ಕೈಗೇ ಈ ಮೋಟಾರು ಕೊಡಿ, ಚೆನ್ನಾಗಿ ಕಟ್ಟುತ್ತಾನೆ ಎಂದು ಕೇಶಪ್ಪನ ಮುಂದೆ ಮಾತು ಕೊಟ್ಟವಳಿಗೆ.

ಲ್ಯಾಪ್‌ಟಾಪಿನಲ್ಲೂ ಒಂದು ಮೋಟಾರಿದೆ, ಕಬ್ಬಿಣವಿಲ್ಲ, ತಾಮ್ರವಿಲ್ಲ, ಬರೀ ಸಮೀಕರಣ, ಇದೇ ಕಂಪ್ರೆಸರ್ ಮೋಟಾರಿನ ಲೆಕ್ಕದ ರೂಪ, ನಿನ್ನೆ ಅದರ ಸುರುಳಿಯಲ್ಲಿ ಕೆಲವು ಸುತ್ತುಗಳನ್ನು ಒಂದಕ್ಕೊಂದು ತಾಗಿಸಿ ನೋಡಿದ್ದಳು, ಮೂರು ತಂತಿಗಳ ಕರೆಂಟು ಏರುಪೇರಾಯಿತು, ಫ್ಯಾಕ್ಟರಿಯ ಮೋಟಾರಿನಲ್ಲೂ ಏರುಪೇರೇ, ನೀಲಿಯಲ್ಲಿ ಕಡಿಮೆ, ಕೆಂಪು ಹಳದಿಯಲ್ಲಿ ಹೆಚ್ಚು, ಸಾಕು, ತಪ್ಪು ಅಬ್ಬಾನ ಕಣ್ಣಿನದೇ, ಎಂದು ಮುಚ್ಚಿಟ್ಟಳು. ಬಸ್ಸಿನಲ್ಲಿ ಬರುವಾಗ ಚುಚ್ಚಿತು: ಮೋಟಾರಿಗೆ ಕರೆಂಟು ಬಿಡುವ ಸ್ಟಾರ್ಟರೇ ಒಂದು ತಂತಿಗೆ ಕಡಿಮೆ ಕೊಟ್ಟರೆ ಏನಾಗುತ್ತದೆಂದು ಲೆಕ್ಕವನ್ನು ಕೇಳಿದೆಯಾ? ಕೇಳಿರಲಿಲ್ಲ, ಅನುಮಾನ ಯಾರ ಮೇಲಿತ್ತೋ ಅವರ ಬಗ್ಗೆಯೇ ಕೇಳಿದ್ದಳು, ಲೆಕ್ಕವೂ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿತ್ತು. ಈಗ ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಸ್ಟಾರ್ಟರಿನಿಂದ ಬರುವ ಮೂರು ತಂತಿಗಳನ್ನೂ ಮೋಟಾರಿನ ಟರ್ಮಿನಲ್ ಪೆಟ್ಟಿಗೆಯಲ್ಲಿ ಒಂದೊಂದು ಬೋಲ್ಟು ಸರಿಸಿ ಕಟ್ಟಬೇಕು, ದೋಷ ಸುರುಳಿಯಲ್ಲಿದ್ದರೆ ಕಡಿಮೆ ಕರೆಂಟು ನೀಲಿಯನ್ನು ಬಿಟ್ಟು ಬೇರೆ ಬಣ್ಣಕ್ಕೆ ಹೋಗುತ್ತದೆ, ಹೋಗದಿದ್ದರೆ ಮೋಟಾರು ನಿರಪರಾಧಿ. ನಾ ಬಿಚ್ಚತೇನಿ ತಡಿ, ಅಬ್ಬಾ ಎದ್ದ, ಬ್ಯಾಡ ಅಬ್ಬಾ, ನೀ ಕೂಡು, ಅಂದಳು, ಆ ಧ್ವನಿ ತನ್ನದೇ ಎಂದು ನಂಬಲಾಗಲಿಲ್ಲ, ಇಷ್ಟು ಗಡುಸು ಯಾಕೆ, ಸ್ಪಾನರ್ ಜಾರುತ್ತಿದೆ, ಬೆವರು, ಮೂರೂ ಕಟ್ಟಿ ಮುಗಿಸಿ ಸ್ವಿಚ್ ಏರಿಸಿದಳು, ಮೋಟಾರು ಗುಂಯ್ ಎಂದಿತು, ಇಕ್ಕುಳದಂಥ ಮೀಟರಿನ ಬಾಯಿ ತೆರೆದು ಒಂದೊಂದೇ ತಂತಿಗೆ ಕಚ್ಚಿಸಿದಳು, ಕೆಂಪು, ಹಳದಿ, ಆಮೇಲೆ ನೀಲಿ — ನೀಲಿ ಹೋಗು, ಅಲ್ಲ, ಹೋಗಬೇಡ, ಇಲ್ಲೇ ಇರು — ನೀಲಿಯಲ್ಲೇ ಕಡಿಮೆ.

ಮತ್ತೆ ಸ್ವಿಚ್ ಇಳಿಸಿ, ಬೀಗ ಹಾಕಿ, ಸ್ಟಾರ್ಟರಿನ ಮುಚ್ಚಳ ತೆಗೆದರೆ ಒಳಗೆ ನೀಲಿ ತಂತಿಗೆ ಕರೆಂಟು ದಾಟಿಸುವ ಕಾಂಟ್ಯಾಕ್ಟು ಸುಟ್ಟು ಕರಕಲಾಗಿದೆ, ಕೇಶಪ್ಪ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ, ನಮ್ಮದ ತಪ್ಪಾತಲ್ರಿ, ನಿಮ್ಮ ಅಪ್ಪಾರ ಕೈ ಅಂದ್ರ ಕೈ ಬಿಡ್ರಿ, ಎನ್ನುತ್ತ ಹೊಸ ಕಾಂಟ್ಯಾಕ್ಟು ತರಲು ಸ್ಟೋರಿಗೆ ಓಡಿದ. ಫರ್ಹೀನಳಿಗೆ ನಗು ಬಂತು, ಅಳುವೂ, ಯಾರನ್ನು ಅನುಮಾನಿಸಿದೆ ನಾನು, ಸುತ್ತೊಂದೂ ತಪ್ಪಿಲ್ಲ, ಅಬ್ಬಾ, ನಿಂದೇನ ತಪ್ಪಿಲ್ಲ, ಕೇಳಿದೇನ, ಅವನು ಆಗಲೇ ಎದ್ದು ಬಂದಿದ್ದಾನೆ, ಸ್ವಿಚ್ ಇಳಿದಿದೆ, ಬೀಗವಿದೆ, ತಂತಿಗಳನ್ನು ಮೊದಲಿನಂತೆ ಕಟ್ಟಬೇಕು, ಈಗರ ನನ್ನ ಕೈಗೆ ಕೊಡು, ಎಂದು ಟರ್ಮಿನಲ್ ಪೆಟ್ಟಿಗೆಯೊಳಗೆ ಬೆರಳಿಟ್ಟ. ಕಿಟಕಿಯ ಬಿಸಿಲು ನೇರ ಒಳಗೆ ಬಿದ್ದಿದೆ, ಹಿತ್ತಾಳೆಯ ಬೋಲ್ಟು ಹೊಳೆಯುತ್ತಿದೆ, ಬೆರಳು ಅದರ ಪಕ್ಕದ ಕಬ್ಬಿಣದ ಮೇಲೆ ಕೂತಿತು, ಸರಿಯಿತು, ಮತ್ತೆ ಕಬ್ಬಿಣದ ಮೇಲೆಯೇ ಕೂತಿತು. ಅಬ್ಬಾ, ಕಾಣಸ್ತೈತೇನ? ಅವನು ಪೆಟ್ಟಿಗೆಯ ಕಡೆಗೇ ಬಗ್ಗಿ ಅಂದ. ನಿಮ್ಮಮ್ಮಿ ಸುತ್ತ್ಯಾಳ ಬೇಟಾ ಈ ಮೋಟಾರ್, ನಾ ಬಾಜೂಕ ಕುಂತು ಹೇಳೀನಿ ಅಷ್ಟ, ನಿನಗ ಹೇಳಬ್ಯಾಡಂತ ನಾನ ಆಣಿ ಹಾಕೀನಿ ಆಕಿಗೆ, ನೀ ಕೇಶಪ್ಪಗ ಮಾತು ಕೊಟ್ಟಿದ್ದಿ ಅಲ್ಲ. ಅಮ್ಮಿ, ಚಮನಬಿ, ದಿನವಿಡೀ ಆ ಮುಚ್ಚಿದ ಬಾಗಿಲೊಳಗೆ, ನಾನು ಅಬ್ಬಾನ ಕಣ್ಣನ್ನೇ ಗಮನಿಸುತ್ತಿದ್ದೆ, ಅವಳ ಕೈಯ ಕಡೆ ನೋಡಲೇ ಇಲ್ಲ — ಕೇಶಪ್ಪ ಬಂದೇಬಿಟ್ಟ, ಮೇಡಂ, ಸ್ಟೋರಿನ್ಯಾಗ ಇನ್ನೊಂದು ಸುಟ್ಟ ಮೋಟಾರ್ ಐತ್ರಿ, ಇವರ ಅಂಗಡಿಗೇ ಕಳಸೂಣೇನ್ರಿ? ಕಳಸ್ರಿ, ಅಂದಳು ಫರ್ಹೀನ, ಚಲೋ ಕಟ್ಟತಾರ, ಕಟ್ಟುವವಳು ಅಮ್ಮಿ ಎಂದೂ ಹೇಳಬೇಕಿತ್ತು, ಹೇಳಲೇ, ಹಿತ್ತಾಳೆ ಹೊಳೆಯುತ್ತಿದೆ, ಬೆರಳು ಪಕ್ಕದ ಕಬ್ಬಿಣದ ಮೇಲೆ, ಬೆರಳು ಇನ್ನೂ ಅಲ್ಲೇ.